ಆರ್‌ಸಿ (ರಿಮೋಟಿನಿಂದ ಓಡೋ) ಮಾದರಿ ರೈಲ್ವೆ ಎಂಜಿನ್ ಓಡ್ತಾ ಓಡ್ತಾ ನಿಂತುಹೋಗುತ್ತೆ, ಯಾರಾದ್ರೂ ಪರಿಹಾರ ಹೇಳಿ

ಕಲ್ಲಿದ್ದಲು:
ತಲೆ ಕೆಟ್ಟುಹೋಗಿದೆ. ಆರು ಗಾಲಿಯ ಟ್ಯಾಂಕ್ ಎಂಜಿನ್ (ನೀರಿನ ಟ್ಯಾಂಕ್ ಎಂಜಿನ್ ಮೈಮೇಲೇ ಇರೋ ಜಾತಿ), 45 ಮಿ.ಮೀ. ಹಳಿ, ಬ್ಯಾಟರಿ ಮೇಲೆ ಓಡೋದು. ತೋಟದಲ್ಲಿ ಹೊರಡುವಾಗ ಚೆನ್ನಾಗೇ ಹೊರಡುತ್ತೆ. ಸ್ವಲ್ಪ ಹೊತ್ತು ಓಡಿ, ಸಾಮಾನ್ಯವಾಗಿ ಏರು ಹತ್ತುವಾಗ, ಟಕ್ ಅಂತ ನಿಲ್ಲುತ್ತೆ. ಆಮೇಲೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಎತ್ತಿಕೊಂಡು ಬಂದು, ಬಾಡಿ ಬಿಚ್ಚಿ ಟೇಬಲ್ ಮೇಲಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತೆ! ವೈರಿಂಗ್ ಎಲ್ಲ ಸರಿಯಾಗಿದೆ, ಅದನ್ನ ನೋಡಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ಫೋಟೋ ಹಾಕಿದ್ದೀನಿ.

ಹಿತ್ತಾಳೆ ಹುಚ್ಚ:
ಬಾಡಿ ಹಿತ್ತಾಳೆ ತಾನೇ? ಹಾಗಾದ್ರೆ ಆಂಟೆನಾ, ಬೇರೆ ಮಾತೇ ಇಲ್ಲ. 2.4 ಗಿಗಾಹರ್ಟ್ಸ್ ಸಿಗ್ನಲ್ ಲೋಹದ ಡಬ್ಬಿಯೊಳಗೆ ನುಗ್ಗಲ್ಲ. ರಿಸೀವರ್ ವೈರಿನ ತುದಿಯಲ್ಲಿ ಕವಚ ಇಲ್ಲದ 31 ಮಿ.ಮೀ. ಇರುತ್ತಲ್ಲ, ಕೆಲಸ ಮಾಡೋದು ಅಷ್ಟೇ. ಅದು ಬಾಡಿಗೆ ತಾಗದ ಹಾಗೆ ಕ್ಯಾಬಿನಲ್ಲಿ ನೆಟ್ಟಗೆ ನಿಲ್ಲಿಸಿ.

ಕಲ್ಲಿದ್ದಲು:
ಈಗಾಗಲೇ ಕ್ಯಾಬಿನಲ್ಲೇ ಇದೆ, ಡ್ರೈವರ್ ಗೊಂಬೆಯ ಬೆನ್ನ ಹಿಂದೆ.

ಹಿತ್ತಾಳೆ ಹುಚ್ಚ:
ಚಾವಣಿ? ಅದೂ ಹಿತ್ತಾಳೆಯೇ ಅಲ್ವಾ. ಕಿತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ. ಬಣ್ಣ ಬಳಿದ ಮೇಲೆ ದೇವರಿಗೂ ಗೊತ್ತಾಗಲ್ಲ.

ಸೈಡ್‌ರಾಡ್:
ರೇಡಿಯೋ ಗೀಡಿಯೋ ಬಿಡ್ರಿ. ಏರಿನಾಗ ನಿಲ್ಲತೈತಿ ಅಂದ್ರ ಗಾಲಿಗೆ ಗಾಲಿ ಜೋಡಿಸೋ ರಾಡ್ ಹಿಡಕೊಳ್ಳಾಕತ್ತಾವ. ಗಾಲಿ ಕ್ವಾರ್ಟರಿಂಗ್ ನೋಡ್ರಿ. ಎಡಗಡೆ ಕ್ರ್ಯಾಂಕ್ ಪಿನ್ನಿಗೂ (ಗಾಲಿಗೆ ರಾಡ್ ಸಿಗಿಸೋ ಪಿನ್) ಬಲಗಡೆದಕ್ಕೂ ಸರಿಯಾಗಿ 90 ಡಿಗ್ರಿ ಇರಬೇಕ್ರಿ. ಚೂರು ತಪ್ಪಿದ್ರೂ ಮೋಟಾರ್ ಕರೆಂಟ್ ಜಗ್ಗತೈತಿ. ನಾ ಅಂತೂ ಜಿಗ್ (ಕೋನ ಸರಿಯಾಗಿ ಹಿಡಿಯೋ ಚೌಕಟ್ಟು) ಇಲ್ಲದ ಒಂದು ಗಾಲಿನೂ ಕೂಡ್ಸಂಗಿಲ್ಲ. ನಂದು ಹತ್ತು ಗಾಲಿ ಎಂಜಿನ್, ಉದ್ದದ ಗೂಡ್ಸ್ ಎಳದ್ರೂ ಮೋಟಾರ್ ಬೆಚ್ಚಗ ಸೈತ ಆಗಂಗಿಲ್ಲ.

ಅಳತೆಗೋಲು:
90 ಅಲ್ಲದೆ 88 ಆದರೂ ನಡೆಯುತ್ತೆ ಸಾರ್. ಎಲ್ಲ ಆಕ್ಸಲ್‌ಗಳಲ್ಲೂ ಒಂದೇ ಕೋನ ಇರಬೇಕು ಅಷ್ಟೇ. ಅದಿರಲಿ, ಕಲ್ಲಿದ್ದಲು ಅವರೇ, ಇದು ಯಾವ ಸ್ಕೇಲ್, ಅಂದರೆ ನಿಜವಾದ ಎಂಜಿನ್ನಿನ ಎಷ್ಟನೇ ಒಂದು ಭಾಗ? ಫೋಟೋದಲ್ಲಿ ರಿವೆಟ್‌ಗಳು 1:20.3ಕ್ಕೆ ಮಾಡಿದ ಹಾಗಿವೆ, ಕ್ಯಾಬಿನ ಬಾಗಿಲು ನೋಡಿದರೆ 1:22.5.

ಕಲ್ಲಿದ್ದಲು:
ಜಿ ಸ್ಕೇಲ್.

ಅಳತೆಗೋಲು:
ಅದು ಉತ್ತರವೇ ಅಲ್ಲ! ಮೀಟರ್ ಗೇಜ್ ಎಂಜಿನ್ 45 ಮಿ.ಮೀ. ಹಳಿ ಮೇಲೆ ನಿಲ್ಲಬೇಕಾದರೆ 1:22.5, ಮೂರಡಿ ಗೇಜಾದರೆ 1:20.3, ಬ್ರಿಟನ್ನಿನ ಸ್ಟ್ಯಾಂಡರ್ಡ್ ಗೇಜ್ ಅಂದರೆ 1:32. ಜರ್ಮನಿಯ ಮಾದರಿ ರೈಲಿನ ಎಲ್‌ಜಿಬಿಯವರು 1968ರಲ್ಲಿ ಶುರು ಮಾಡಿದ್ದು ಮೀಟರ್ ಗೇಜ್ ಲೆಕ್ಕದಲ್ಲಿ. ಈಗ 45 ಮಿ.ಮೀ. ಹಳಿ ಮೇಲೆ ಹೋಗೋದೆಲ್ಲ ಜಿ ಆಗಿಬಿಟ್ಟಿದೆ.

ಸೈಡ್‌ರಾಡ್:
ಎಂಜಿನ್ ನಿಂತೈತಿ, ನೀವು ರಿವೆಟ್ ಎಣಸ್ಕೋತ ಕುಂತೀರಿ.

ತಂತಿಪೆಟ್ಟಿಗೆ:
ಮೊದಲು ಇದನ್ನ ಹೇಳಿ ಮಾರಾಯ್ರೆ: ನಿಂತಾಗ ಹೆಡ್‌ಲೈಟ್ ಉರೀತದಾ? ಸೌಂಡ್ ಕಾರ್ಡ್ ಉಂಟಾ? ಬ್ಯಾಟರಿ ಎಷ್ಟು ಸೆಲ್? ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಎಲ್ಲಿಟ್ಟಿದ್ದೀರಿ?

ಕಲ್ಲಿದ್ದಲು:
ಲೈಟೂ ಆರುತ್ತೆ, ಸೌಂಡೂ ಕರ್ರ್ ಅಂದು ನಿಲ್ಲುತ್ತೆ. ಮೂರು ಸೆಲ್ ಲೀಥಿಯಂ. ಆರ್‌ಸಿ ಕಾರಿನ ಇಎಸ್‌ಸಿ, ಅದರ ಬಿಇಸಿಯಿಂದಲೇ (ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡೋ ಭಾಗ) ರಿಸೀವರ್, ಸೌಂಡ್ ಕಾರ್ಡ್, ಲೈಟು ಎಲ್ಲಕ್ಕೂ 5 ವೋಲ್ಟ್. ಇಎಸ್‌ಸಿ ಎಡಗಡೆ ನೀರಿನ ಟ್ಯಾಂಕಿನಲ್ಲಿದೆ. ತೂಕಕ್ಕೆ ಅಂತ ಅಲ್ಲಿ ಸೀಸದ ಹಾಳೆ ತುಂಬಿದ್ದೀನಿ, ಶಾರ್ಟ್ ಆಗಬಾರದು ಅಂತ ಇಎಸ್‌ಸಿಗೆ ಸುತ್ತಲೂ ಫೋಮ್ ಸುತ್ತಿದ್ದೀನಿ. ಇದೆಲ್ಲ ಎಲ್ಲರೂ ಮಾಡೋದೇ ಅಂತ ಬರೆಯಲಿಲ್ಲ.

ತಂತಿಪೆಟ್ಟಿಗೆ:
ಸಿಕ್ಕಿತು. ಸಿಗ್ನಲ್ ಮಾತ್ರ ಹೋದರೆ ಲೈಟ್ ಯಾಕೆ ಆರಬೇಕು? 5 ವೋಲ್ಟೇ ಹೋಗ್ತಾ ಉಂಟು. ನಿಮ್ಮ ಬಿಇಸಿ ಲೀನಿಯರ್ ಆಗಿರಬೇಕು, ಹೆಚ್ಚಿನ ವೋಲ್ಟೇಜನ್ನು ಬಿಸಿ ಮಾಡಿ ಕಳೆಯುವ ಜಾತಿ. ಮೂರು ಸೆಲ್ ಫುಲ್ ಚಾರ್ಜಿನಲ್ಲಿ 12.6 ವೋಲ್ಟ್. ಅದರಲ್ಲಿ 5 ಬಿಟ್ಟರೆ ಉಳಿದ 7.6 ಬರೀ ಬಿಸಿ. ಸೌಂಡ್, ಲೈಟ್, ರಿಸೀವರ್ ಸೇರಿ 0.7 ಆಂಪ್ ಎಳೆದರೂ 5 ವಾಟ್‌ಗಿಂತ ಜಾಸ್ತಿ. ಉಗುರಿನಷ್ಟು ಚಿಪ್ಪಿಗೆ ನೀವು ಕಂಬಳಿ ಹೊದೆಸಿದ್ದೀರಿ! ಅದರ ಮೇಲೆ ಏರಿನಲ್ಲಿ ಮೋಟಾರಿನ ಕರೆಂಟಿಗೆ ಇಎಸ್‌ಸಿಯೂ ಬಿಸಿಯಾಗ್ತದೆ. ಬಿಸಿ ಮಿತಿ ಮೀರಿದರೆ ಚಿಪ್ ತನ್ನಷ್ಟಕ್ಕೆ ಬಂದ್ ಆಗ್ತದೆ, ನೀವು ಒಳಗೆ ತರುವಷ್ಟರಲ್ಲಿ ತಣಿದಿರ್ತದೆ.
ಖಾತ್ರಿ ಬೇಕಾದರೆ ಸೌಂಡ್ ಕಾರ್ಡ್, ಲೈಟ್ ಎರಡರ ಪ್ಲಗ್ಗೂ ತೆಗೆದು ಅದೇ ಏರಿನಲ್ಲಿ ಓಡಿಸಿ. ನಿಂತರೆ ಅಲ್ಲೇ, ತಣಿಯುವ ಮೊದಲು, ರಿಸೀವರಿನ ಖಾಲಿ ಚಾನೆಲ್ಲಿಗೆ ಮಲ್ಟಿಮೀಟರ್ ಇಟ್ಟು 5 ವೋಲ್ಟ್ ಉಂಟಾ ನೋಡಿ.

ಹಿತ್ತಾಳೆ ಹುಚ್ಚ:
ಹಾಗೇ ಆಂಟೆನಾನೂ ಒಂದ್ಸಲ ಮೇಲೆತ್ತಿ ನೋಡಿ. ನಾನು ಹೇಳೋದು ಹೇಳಿದ್ದೀನಿ.

ಕಲ್ಲಿದ್ದಲು:
ಸೌಂಡು, ಲೈಟು ತೆಗೆದೆ. ಒಮ್ಮೆಯೂ ನಿಲ್ಲಲಿಲ್ಲ. ಬ್ಯಾಟರಿ ಮುಗಿಯೋವರೆಗೂ ಓಡ್ತು. ಆದ್ರೆ ಭುಸುಭುಸು ಅನ್ನದ ಸ್ಟೀಮ್ ಎಂಜಿನ್ ಇಟ್ಕೊಂಡು ನಾನೇನು ಮಾಡಲಿ? ಸೌಂಡ್ ಬೇಕೇ ಬೇಕು.

ತಂತಿಪೆಟ್ಟಿಗೆ:
ಬೇರೆಯೇ ಒಂದು ಸ್ವಿಚಿಂಗ್ ಬಿಇಸಿ (ಲೀನಿಯರಿನಷ್ಟು ಬಿಸಿಯಾಗದ ಜಾತಿ) ಹಾಕಿ, 5 ವೋಲ್ಟ್, 3 ಆಂಪ್. ಬ್ಯಾಟರಿಯಿಂದ ನೇರ ಅದಕ್ಕೆ, ಅಲ್ಲಿಂದ ರಿಸೀವರಿಗೆ. ಇಎಸ್‌ಸಿಯಿಂದ ರಿಸೀವರಿಗೆ ಬರುವ ಪ್ಲಗ್ಗಿನಲ್ಲಿ ನಡುವಿನ ಕೆಂಪು ವೈರಿನ ಪಿನ್ ಎಳೆದು ಟೇಪ್ ಸುತ್ತಿಡಿ. ಇಲ್ಲದಿದ್ದರೆ ಎರಡು ಬಿಇಸಿ ಒಂದಕ್ಕೊಂದು ಗುದ್ದಾಡ್ತವೆ. ಕಪ್ಪು ವೈರ್ ಮಾತ್ರ ಮುಟ್ಟಬೇಡಿ. ಫೋಮ್ ಕಿತ್ತು ಬಿಸಾಡಿ, ಇಎಸ್‌ಸಿ ಕೆಳಗೆ ಥರ್ಮಲ್ ಪ್ಯಾಡ್ ಇಟ್ಟು ಟ್ಯಾಂಕಿನ ಹಿತ್ತಾಳೆ ಗೋಡೆಗೇ ಅಂಟಿಸಿ. ಬಿಸಿ ಹೊರಗೆ ಹೋಗ್ಲಿ.

ಸೈಡ್‌ರಾಡ್:
ಸೌಂಡಿನ ಮಾತು ಬಂತು ಅಂತ ಹೇಳ್ತೀನಿ. ನಾ ಆಕ್ಸಲ್‌ಗೆ ನಾಕು ಮ್ಯಾಗ್ನೆಟ್ ಹಚ್ಚಿ, ಬಾಜೂಕ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ರ ಬಂದ್ರ ಆನ್ ಆಗೋ ಸ್ವಿಚ್) ಇಟ್ಟೀನಿ. ಎರಡು ಸಿಲಿಂಡರ್ ಎಂಜಿನ್ನಿಗೆ ಗಾಲಿ ಒಂದು ಸುತ್ತು ಹಾಕಿದ್ರ ನಾಕು ಸಲ ಭುಸ್ ಅನ್ನಬೇಕ್ರಿ, ಹಂಗ ಕರೆಕ್ಟ್ ಕೂಡತೈತಿ. ಫೋಟೋ ಹಾಕ್ಲಿ?

ಹಿತ್ತಾಳೆ ಹುಚ್ಚ:
ಸ್ವಿಚಿಂಗ್ ಬಿಇಸಿ ರೇಡಿಯೋ ಗಲಾಟೆ ಎಬ್ಬಿಸುತ್ತೆ. ರಿಸೀವರ್, ಆಂಟೆನಾ ಪಕ್ಕ ಮಾತ್ರ ಇಡಬೇಡಿ.

ತಂತಿಪೆಟ್ಟಿಗೆ:
ಅದು ಸರಿ. ಈ ಸಲ ಅವರು ಹೇಳಿದ ಹಾಗೇ ಮಾಡಿ.

ಕಲ್ಲಿದ್ದಲು:
ಕ್ಯಾಬಿನಿಂದ ದೂರ ಅಂದ್ರೆ ಬಾಯ್ಲರ್ ಒಂದೇ, ಅಲ್ಲಿಗೆ ಕೈ ಹೋಗೋದು ಅದರ ಮುಂದಿನ ಸ್ಮೋಕ್‌ಬಾಕ್ಸ್ ಬಾಗಿಲಿಂದ. ಆ ಬಾಗಿಲನ್ನ ಎಪಾಕ್ಸಿ ಹಾಕಿ ಅಂಟಿಸಿ, ಬಣ್ಣಾನೂ ಹೊಡೆದಾಗಿದೆ. ಬಣ್ಣ ಹಾಳಾಗದೆ ಬಿಚ್ಚೋದು ಹೇಗೆ?

ಅಳತೆಗೋಲು:
ಹೇರ್ ಡ್ರೈಯರ್ ಹಿಡಿದರೆ ಎಪಾಕ್ಸಿ ಮೆತ್ತಗಾಗುತ್ತೆ, ಸಂದಿನಲ್ಲಿ ತೆಳು ಬ್ಲೇಡ್ ಆಡಿಸಿ. ಅಂಚಿನ ಬಣ್ಣದ ಆಸೆ ಬಿಡಿ. ಹೇಗೂ ಬಿಚ್ಚುತ್ತೀರಲ್ಲ, ಆ ಬಾಗಿಲಿನ ಕೀಲು ದಪ್ಪವಾಯಿತು, ಅದನ್ನೂ ಅರದಿಂದ ಸವರಿಬಿಡಿ.