ಇಲಿಯ ಗಂಡು ಭ್ರೂಣ: ಟೆಸ್ಟೊಸ್ಟೆರಾನ್ ಕೆಲಸ ಮಾಡುವ ಕಾಲದ ಬಗ್ಗೆ ಒಂದು ಸಂದೇಹ

ಪ್ರಶ್ನೆ (ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ಇಲಿಯ ಗರ್ಭಾವಧಿ ಸುಮಾರು 22 ದಿನ. ಭ್ರೂಣದ ವೃಷಣ ಟೆಸ್ಟೊಸ್ಟೆರಾನ್ ತಯಾರಿಸಲು ತೊಡಗುವುದು ಹದಿನೈದೂವರೆ ದಿನದ ಆಸುಪಾಸಿನಲ್ಲಿ ಎಂದೂ, 15.5ರಿಂದ 18.5ನೇ ದಿನದವರೆಗಿನ ಅವಧಿಯಲ್ಲಿ ಈ ಹಾರ್ಮೋನಿಗೆ ಅಡ್ಡಿಯಾದರೆ ಗಂಡುಮರಿಯ ಜನನಾಂಗಗಳು ಶಾಶ್ವತವಾಗಿ ಕುಂಠಿತವಾಗುತ್ತವೆ ಎಂದೂ ಓದಿದೆ. ಆದರೆ ಆ ಅವಧಿಯಲ್ಲಿ ಗಂಡು, ಹೆಣ್ಣು ಭ್ರೂಣಗಳ ಹೊರ ಜನನಾಂಗಗಳು ನೋಡಲು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ; ಕಣ್ಣಿಗೆ ಕಾಣುವ ವ್ಯತ್ಯಾಸ ಮೂಡುವುದು ಆಮೇಲೆ. ಹಾಗಿದ್ದರೆ ಹಾರ್ಮೋನು ಆ ಮೂರು ದಿನಗಳಲ್ಲಿ ನಿಜವಾಗಿ ಮಾಡುವುದೇನು? ಇನ್ನೊಂದು ಸಂದೇಹವೂ ಇದೆ. ವಯಸ್ಕ ಪ್ರಾಣಿಯಲ್ಲಿ ವೃಷಣವನ್ನು ಪ್ರಚೋದಿಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನು. ಭ್ರೂಣದ ಪಿಟ್ಯುಟರಿ ಅದನ್ನು ಸ್ರವಿಸತೊಡಗುವುದು ಸುಮಾರು 17ನೇ ದಿನಕ್ಕೆ. ಅದಕ್ಕೂ ಮೊದಲೇ ಟೆಸ್ಟೊಸ್ಟೆರಾನ್ ತಯಾರಿಸುವಂತೆ ವೃಷಣಕ್ಕೆ ಹೇಳುವವರು ಯಾರು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ನಿವೃತ್ತ ಅಧ್ಯಾಪಕ):

ಒಳನಾಳಗಳಿಂದ ಆರಂಭಿಸಿದರೆ ವಿಷಯ ಸುಲಭವಾಗುತ್ತದೆ. ಆರಂಭದಲ್ಲಿ ಪ್ರತಿ ಭ್ರೂಣದಲ್ಲೂ, ಅದು ಗಂಡಾಗಿರಲಿ ಹೆಣ್ಣಾಗಿರಲಿ, ವುಲ್ಫಿಯನ್ ಮತ್ತು ಮ್ಯುಲೆರಿಯನ್ ಎಂಬ ಎರಡು ಜೋಡಿ ನಾಳಗಳಿರುತ್ತವೆ. ಫ್ರೆಂಚ್ ವಿಜ್ಞಾನಿ ಆಲ್ಫ್ರೆಡ್ ಜೋಸ್ತ್ 1940ರ ದಶಕದಲ್ಲಿ, ಇನ್ನೂ ಗರ್ಭದೊಳಗೇ ಇದ್ದ ಮೊಲದ ಗಂಡು ಭ್ರೂಣಗಳ ವೃಷಣಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಾಗ, ಅವುಗಳಲ್ಲಿ ವುಲ್ಫಿಯನ್ ನಾಳ ಅಳಿದು ಮ್ಯುಲೆರಿಯನ್ ನಾಳವೇ ಗರ್ಭಕೋಶವಾಗಿ ಬೆಳೆಯಿತು. ವೃಷಣದ ಬದಲಿಗೆ ಟೆಸ್ಟೊಸ್ಟೆರಾನ್ ಹರಳನ್ನು ಇಟ್ಟಾಗ ವುಲ್ಫಿಯನ್ ನಾಳ ಉಳಿಯಿತು, ಆದರೆ ಮ್ಯುಲೆರಿಯನ್ ನಾಳ ಅಳಿಯಲಿಲ್ಲ. ಅಂದರೆ ವೃಷಣದಿಂದ ಎರಡು ಬೇರೆ ಬೇರೆ ಸಂದೇಶಗಳು ಹೊರಡಬೇಕು ಎಂದು ಅವರು ತರ್ಕಿಸಿದರು. ಆ ಎರಡನೆಯ ಸಂದೇಶವನ್ನೇ ಇಂದು ನಾವು ಮ್ಯುಲೆರಿಯನ್ ವಿರೋಧಿ ಹಾರ್ಮೋನು ಎನ್ನುತ್ತೇವೆ. ಅದು ಹೊರಡುವುದು ವೃಷಣದೊಳಗಿನ ಸರ್ಟೋಲಿ ಕೋಶಗಳಿಂದ, ಟೆಸ್ಟೊಸ್ಟೆರಾನ್ ಹೊರಡುವುದು ಲೇಡಿಗ್ ಕೋಶಗಳಿಂದ. ಎಷ್ಟೋ ವರ್ಷ ಪಾಠ ಹೇಳಿದ ಮೇಲೂ, ಅಂಗವೊಂದನ್ನು ತೆಗೆದು ನೋಡಿಯೇ ಅಲ್ಲಿ ಎರಡು ಹಾರ್ಮೋನುಗಳಿರಬೇಕೆಂದು ಕಂಡುಕೊಂಡ ಆ ತರ್ಕ ನನಗೆ ಇಂದಿಗೂ ಬೆರಗು ತರುತ್ತದೆ.

ಇಲಿಯಲ್ಲಿಯೂ ಕ್ರಮ ಇದೇ. ವೃಷಣ ಸುಮಾರು 13ರಿಂದ 14ನೇ ದಿನದ ಹೊತ್ತಿಗೆ ರೂಪ ತಳೆಯುತ್ತದೆ. ಮೊದಲು ಸರ್ಟೋಲಿ ಕೋಶಗಳು, ಅನಂತರ ಲೇಡಿಗ್ ಕೋಶಗಳು. ಟೆಸ್ಟೊಸ್ಟೆರಾನ್ ವುಲ್ಫಿಯನ್ ನಾಳವನ್ನು ಉಳಿಸಿ ಎಪಿಡಿಡಿಮಿಸ್ (ವೀರ್ಯಾಣು ಪಕ್ವವಾಗುವ ಸುರುಳಿ ನಾಳ), ವೀರ್ಯನಾಳ ಮತ್ತು ವೀರ್ಯಕೋಶಗಳಾಗಿ ರೂಪಿಸುತ್ತದೆ. ಪ್ರೋಸ್ಟೇಟ್ ಮತ್ತು ಹೊರ ಜನನಾಂಗಗಳಲ್ಲಿ ಅದೇ ಟೆಸ್ಟೊಸ್ಟೆರಾನ್ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದಿಂದ ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟೆರಾನ್ ಆಗಿ ಮಾರ್ಪಟ್ಟು ಕೆಲಸ ಮಾಡುತ್ತದೆ.

ಉತ್ತರ (ಪ್ರಯೋಗಾಲಯದ ಸಂಶೋಧಕಿ):

ಮೇಲಿನ ಉತ್ತರ ಸರಿಯಾಗಿದೆ, ಆದರೆ ಕೇಳಿದವರ ಮುಖ್ಯ ಸಂದೇಹ ಕಾಲದ ಬಗ್ಗೆ. ಎಡಿನ್‌ಬರೋದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಂಡ್ರೊಜನ್ ಗ್ರಾಹಕವನ್ನು (ಟೆಸ್ಟೊಸ್ಟೆರಾನ್‌ನಂತಹ ಗಂಡು ಹಾರ್ಮೋನುಗಳ, ಅಂದರೆ ಆಂಡ್ರೊಜನ್‌ಗಳ, ಸಂಕೇತವನ್ನು ಜೀವಕೋಶದಲ್ಲಿ ಹಿಡಿಯುವ ಪ್ರೋಟೀನನ್ನು) ತಡೆಯುವ ಫ್ಲುಟಮೈಡ್ ಔಷಧವನ್ನು ಗರ್ಭಿಣಿ ಇಲಿಗಳಿಗೆ ಬೇರೆ ಬೇರೆ ಅವಧಿಗಳಲ್ಲಿ ಕೊಡಲಾಯಿತು. 15.5ನೇ ದಿನದಿಂದ ಆರಂಭವಾಗುವ ಮೊದಲ ಅವಧಿಯಲ್ಲಿ ಕೊಟ್ಟಾಗ ಮೂತ್ರರಂಧ್ರ ತಪ್ಪು ಜಾಗದಲ್ಲಿ ತೆರೆಯುವುದು, ವೃಷಣ ಕೆಳಗಿಳಿಯದಿರುವುದು ಮುಂತಾದ ದೋಷಗಳು ಕಂಡವು, 19.5ರ ನಂತರ ಕೊಟ್ಟಾಗ ಅಂತಹ ದೋಷಗಳು ಮೂಡಲಿಲ್ಲ. ಅಂದರೆ ಅಂಗ ಬೆಳೆದು ಆಕಾರ ಪಡೆಯುವುದು ತಡವಾಗಿ, ಆದರೆ ಅದು ಹೇಗೆ ಬೆಳೆಯಬೇಕು ಎಂಬ ನಿರ್ಧಾರ ಮೊದಲೇ ಆಗಿಬಿಡುತ್ತದೆ. ನೆಟ್ಟ ಬೀಜ ಮೊಳೆಯುವ ಮುನ್ನವೇ ಅದರೊಳಗೆ ಬದಲಾವಣೆ ಶುರುವಾಗಿರುವಂತೆ, ಅಂಗಾಂಶದ ಜೀವಕೋಶಗಳು ಆಂಡ್ರೊಜನ್ನಿನ ಸಂಕೇತವನ್ನು ಆ ಕಿರು ಅವಧಿಯಲ್ಲಿ ಪಡೆದುಕೊಳ್ಳಲೇಬೇಕು. ಅನಂತರ ಹಾರ್ಮೋನು ಎಷ್ಟೇ ಇದ್ದರೂ ಅದು ಬೆಳವಣಿಗೆಯನ್ನು ಹೆಚ್ಚಿಸಬಲ್ಲದೇ ಹೊರತು ತಪ್ಪಿಹೋದ ನಿರ್ಧಾರವನ್ನು ಮರಳಿ ತರಲಾರದು.

ಎಲ್‌ಎಚ್ ವಿಷಯದಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದು. ಇಲಿಯ ಭ್ರೂಣದಲ್ಲಿ ಲೇಡಿಗ್ ಕೋಶಗಳು ಆರಂಭದಲ್ಲಿ ಪಿಟ್ಯುಟರಿಯ ನೆರವಿಲ್ಲದೆಯೇ ಟೆಸ್ಟೊಸ್ಟೆರಾನ್ ತಯಾರಿಸುತ್ತವೆ. ಗರ್ಭಾವಧಿಯ ಕೊನೆಯ ದಿನಗಳಲ್ಲಷ್ಟೇ ಎಲ್‌ಎಚ್ ಆಸರೆಯಾಗುತ್ತದೆ. ಸುಂಡಿಲಿಗಳಲ್ಲಿ ಎಲ್‌ಎಚ್ ಗ್ರಾಹಕದ ಜೀನನ್ನೇ ತೆಗೆದುಹಾಕಿದಾಗಲೂ ಗಂಡುಮರಿಗಳು ಗಂಡಿನ ಜನನಾಂಗಗಳೊಂದಿಗೇ ಹುಟ್ಟಿದವು, ಜನನಾನಂತರದ ಬೆಳವಣಿಗೆ ಮಾತ್ರ ಕುಂಠಿತವಾಯಿತು. ಮನುಷ್ಯರಲ್ಲಿ ಹಾಗಿಲ್ಲ. ಅಲ್ಲಿ ಜರಾಯುವಿನ ಎಚ್‌ಸಿಜಿ ಹಾರ್ಮೋನು ಅದೇ ಗ್ರಾಹಕದ ಮೂಲಕ ಭ್ರೂಣದ ವೃಷಣವನ್ನು ಪ್ರಚೋದಿಸುವುದರಿಂದ, ಆ ಗ್ರಾಹಕ ಕೆಟ್ಟರೆ ಗಂಡು ಶಿಶುವಿನ ಜನನಾಂಗಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಅನ್ವಯಿಸುವ ಮುನ್ನ ಈ ಭೇದವನ್ನು ನೆನಪಿಡಬೇಕು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಒಂದೇ ಒಂದು ಉಳಿದಿದೆ. ಹಾರ್ಮೋನು ಇಲ್ಲದಿದ್ದರೆ ತಾನಾಗಿಯೇ ಆಗುವುದು ಹೆಣ್ಣು ಎಂದು ನಮಗೆ ಹೇಳಿಕೊಡುತ್ತಾರೆ. ಇದು ಪೂರ್ತಿ ಸರಿಯೇ? ಅಲ್ಲದೆ, ಹುಟ್ಟಿದ ಮರಿಯನ್ನು ನೋಡಿ ಆ ಮೂರು ದಿನಗಳಲ್ಲಿ ಆದದ್ದನ್ನು ತಿಳಿಯುವ ಬಗೆ ಇದೆಯೇ?

ಉತ್ತರ (ಪ್ರಯೋಗಾಲಯದ ಸಂಶೋಧಕಿ):

ಪೂರ್ತಿ ಸರಿಯಲ್ಲ. ಹೆಣ್ಣು ಸುಂಡಿಲಿಯ ಭ್ರೂಣದಲ್ಲಿ ವುಲ್ಫಿಯನ್ ನಾಳ ಆಂಡ್ರೊಜನ್ ಇಲ್ಲದ ಕಾರಣಕ್ಕಷ್ಟೇ ಅಳಿಯುವುದಿಲ್ಲ, ಅದನ್ನು ತೆಗೆದುಹಾಕಲು ಸುತ್ತಲಿನ ಅಂಗಾಂಶದಲ್ಲಿ ಕೂಪ್-ಟಿಎಫ್2 ಎಂಬ ಪ್ರೋಟೀನು ಕ್ರಿಯಾಶೀಲವಾಗಿರಬೇಕು ಎಂದು 2017ರಲ್ಲಿ ತೋರಿಸಲಾಯಿತು. ಆದ್ದರಿಂದ ಹೆಣ್ಣಿನ ದಾರಿಯಲ್ಲೂ ಸಕ್ರಿಯ ಕೆಲಸವಿದೆ, ಅದನ್ನು ಬರೀ ಅಭಾವವೆಂದು ಕಲಿಸುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದಕ್ಕೆ ಉತ್ತರ ಗುದ ಮತ್ತು ಜನನಾಂಗದ ನಡುವಿನ ಅಂತರ. ಅದು ಗಂಡುಮರಿಯಲ್ಲಿ ಹೆಣ್ಣುಮರಿಯದಕ್ಕಿಂತ ಸುಮಾರು ಎರಡರಷ್ಟಿರುತ್ತದೆ. ಆ ಅವಧಿಯಲ್ಲಿ ಆಂಡ್ರೊಜನ್ ಕಡಿಮೆಯಾಗಿದ್ದರೆ ಗಂಡಿನಲ್ಲಿ ಅದು ಗಿಡ್ಡವಾಗುತ್ತದೆ, ಮತ್ತು ಆ ಗುರುತು ವಯಸ್ಕವಾದ ಮೇಲೂ ಉಳಿಯುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಳಸುವ ಕೆಲವು ಥಾಲೇಟ್‌ಗಳು ಇಲಿಭ್ರೂಣದ ವೃಷಣದಲ್ಲಿ ಟೆಸ್ಟೊಸ್ಟೆರಾನ್ ಉತ್ಪತ್ತಿಯನ್ನು ತಗ್ಗಿಸುತ್ತವೆಯೇ ಎಂದು ಪರೀಕ್ಷಿಸುವಾಗಲೂ ಇದನ್ನೇ ಅಳೆಯುತ್ತಾರೆ. ಅಳೆಯುವಾಗ ಮರಿಯ ದೇಹತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ದೊಡ್ಡ ಮರಿಗೆ ಅಂತರವೂ ಸಹಜವಾಗಿ ದೊಡ್ಡದು.

ಇನ್ನೊಂದು ಮಾತು, ಇದು ನನ್ನ ಅನುಭವದಿಂದ ಬಂದದ್ದು. ಗರ್ಭದ ದಿನಗಳನ್ನು ಎಣಿಸುವಾಗ, ಕೂಡಿದ ಹೆಣ್ಣಿಲಿಯಲ್ಲಿ ವೀರ್ಯಾಣು ಕಂಡ ದಿನವನ್ನು ಕೆಲವರು ಶೂನ್ಯ ಎಂದೂ, ಕೆಲವರು ಅರ್ಧ ಎಂದೂ, ಇನ್ನು ಕೆಲವರು ಒಂದನೆಯ ದಿನವೆಂದೂ ಎಣಿಸುತ್ತಾರೆ. ಅವಧಿಯೇ ಮೂರು ದಿನದ್ದಾಗಿರುವಾಗ ಒಂದು ದಿನದ ವ್ಯತ್ಯಾಸ ಸಣ್ಣದಲ್ಲ. ನೀವು ಎರಡು ಲೇಖನಗಳನ್ನು ಹೋಲಿಸುವಾಗ ಮೊದಲು ಅವರ ಎಣಿಕೆಯ ಕ್ರಮವನ್ನು ಹುಡುಕಿ, ಅನಂತರ ಫಲಿತಾಂಶವನ್ನು ಓದಿ.