ಮಧ್ಯಾಹ್ನ ನಿಲ್ಲದ ಗರಗರ ಶಬ್ದ: ಡಿ ಪದರದ ಚದುರಿಕೆಯೇ, ಸ್ಥಳೀಯ ಗದ್ದಲವೇ?

ಪ್ರಶ್ನೆ (ಬಳ್ಳಾರಿ):
ನಮಸ್ಕಾರ. ಮಾಳಿಗೆಯ ಮೇಲೆ ಯಾಗಿ ಆಂಟೆನಾ (ಒಂದೇ ದಿಕ್ಕಿನತ್ತ ಗುರಿಯಿಡುವ ಆಂಟೆನಾ) ನಿಲ್ಲಿಸಿ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ಗ್ರಾಹಕ) ಮೂಲಕ, ಇಲ್ಲಿ ಯಾವ ನಿಲಯವೂ ಇಲ್ಲದ ಒಂದು ಎಫ್‌ಎಂ ಕಂಪನಾಂಕದಲ್ಲಿ ದೆಹಲಿಯ ಪ್ರಸಾರಕ್ಕಾಗಿ ಆಲಿಸುತ್ತಿದ್ದೇನೆ. ಬೆಳಗಿನ ಜಾವ ಅರೆಕ್ಷಣ ಮಾತು ಕೇಳಿಸಿ ಮಾಯವಾಗುತ್ತದೆ; ಅದು ಉಲ್ಕೆ ಉರಿದಾಗ ಉಳಿಯುವ ವಿದ್ಯುದಾವಿಷ್ಟ ಜಾಡಿಗೆ ತಾಗಿ ಪ್ರತಿಫಲಿಸಿ ಬಂದದ್ದೆಂದು ತಿಳಿದಿದೆ. ಆದರೆ ಮಧ್ಯಾಹ್ನ ಗಂಟೆಗಟ್ಟಲೆ ಗರಗರ ಶಬ್ದ ನಿಲ್ಲುವುದೇ ಇಲ್ಲ. ಇದು ಅಯಾನುಗೋಳದ (ಮೇಲ್ವಾತಾವರಣದ ವಿದ್ಯುದಾವಿಷ್ಟ ಭಾಗದ) ಅತಿ ಕೆಳಗಿನ ಡಿ ಪದರದ ಏರುಪೇರುಗಳಿಂದಾದ ಚದುರಿಕೆಯೇ? ಆಂಟೆನಾವನ್ನು 45 ಡಿಗ್ರಿ ಮೇಲಕ್ಕೆ ಬಾಗಿಸಿದ್ದೇನೆ.

ಉತ್ತರ (ರಾಯಚೂರು):
ನಿಮ್ಮ ಊಹೆಗೆ ಆಧಾರವಿದೆ. ಅಮೆರಿಕದ ಬೇಯ್ಲಿ ಮತ್ತು ಸಂಗಡಿಗರು 49.8 ಮೆಗಾಹರ್ಟ್ಸ್ ಸಂಕೇತವು ಅಯೋವಾದಿಂದ ವರ್ಜೀನಿಯಾಕ್ಕೆ, ಅಂದರೆ 1245 ಕಿ.ಮೀ. ದೂರಕ್ಕೆ, ಹಗಲಿರುಳೂ ಕ್ಷೀಣವಾಗಿ ತಲುಪುತ್ತದೆಂದು 1952ರಲ್ಲಿ ವರದಿ ಮಾಡಿದ್ದರು. ಅದು ಮಧ್ಯಾಹ್ನ ಪ್ರಬಲವಾಗಿರುವುದೂ ನಿಜ. ಆದರೆ ಅವರು ಬಳಸಿದ್ದು ಭಾರೀ ಶಕ್ತಿಯ ಪ್ರೇಷಕ ಮತ್ತು ವಿಶಾಲವಾದ ಆಂಟೆನಾಗಳನ್ನು. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಸುಮಾರು 1500 ಕಿ.ಮೀ. ಮಾರ್ಗದಲ್ಲಿ 100 ಮೆಗಾಹರ್ಟ್ಸ್ ಅಲೆಯನ್ನು ಚದುರಿಸಲು ಸುಮಾರು 9 ಮೀಟರ್ ಗಾತ್ರದ ಏರುಪೇರುಗಳು ಬೇಕು, ಡಿ ಪದರವಿರುವ 80 ಕಿ.ಮೀ. ಎತ್ತರದಲ್ಲಾದರೋ ಗಾಳಿಯ ಸ್ನಿಗ್ಧತೆ ಅಷ್ಟು ಸಣ್ಣ ಸುಳಿಗಳನ್ನು ಬೇಗನೆ ಅಳಿಸಿಬಿಡುತ್ತದೆ. ಹೀಗಾಗಿ ಎಫ್‌ಎಂ ಪಟ್ಟಿಯಲ್ಲಿ ಡಾಂಗಲ್‌ಗೆ ಆ ಸಂಕೇತ ಸಿಗುವುದು ಅಸಂಭವ.

ಪಕ್ಕದ ಖಾಲಿ ಕಂಪನಾಂಕಗಳಲ್ಲೂ ಅದೇ ಶಬ್ದವಿದೆಯೇ ನೋಡಿ. ಚದುರಿಕೆಯಾಗಿದ್ದರೆ ಅದು ನಿಲಯದ ಕಂಪನಾಂಕದಲ್ಲಿ ಮಾತ್ರ ಇರಬೇಕು. ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿಯೂ ಆಲಿಸಿ.

ಆಂಟೆನಾದ ಕೋನವನ್ನಂತೂ ಬದಲಿಸಲೇಬೇಕು. ದೆಹಲಿಯ ಮಾರ್ಗದ ನಡುಬಿಂದು ನಿಮ್ಮಿಂದ 750 ಕಿ.ಮೀ. ದೂರದಲ್ಲಿದೆ, ಅಲ್ಲಿ 100 ಕಿ.ಮೀ. ಎತ್ತರದಲ್ಲಿರುವ ಉಲ್ಕೆಯ ಜಾಡು, ಭೂಮಿಯ ದುಂಡುತನದಿಂದಾಗಿ, ನಿಮಗೆ ದಿಗಂತದಿಂದ ಬರೀ 4 ಡಿಗ್ರಿ ಮೇಲೆ ಕಾಣುತ್ತದೆ. ಚೆನ್ನೈನ ನಿಲಯವಾದರೆ 24 ಡಿಗ್ರಿ.

ಪ್ರಶ್ನಿಸಿದವರಿಂದ:
ಶಬ್ದವು ಇಡೀ ಪಟ್ಟಿಯಲ್ಲಿ ಹರಡಿದೆ. ಚಾರ್ಜರ್ ತೆಗೆದರೂ ಬದಲಾಗಲಿಲ್ಲ. ಹೊಲಗಳ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕರೆಂಟ್ ಕೊಟ್ಟಾಗ ಶುರುವಾಗಿ, ತೆಗೆದಾಗ ನಿಲ್ಲುತ್ತದೆ. ಆಂಟೆನಾ ಮಟ್ಟಸವಾಗಿಸಿದ ಮೇಲೆ ಬೆಳಗಿನ ಉಲ್ಕೆಗಳು ಹೆಚ್ಚು ಸ್ಪಷ್ಟವಾಗಿವೆ.

ಉತ್ತರ (ರಾಯಚೂರು):
ಹಾಗಿದ್ದರೆ ಆ ಲೈನಿನ ಯಾವುದೋ ಇನ್ಸುಲೇಟರ್ ಅಥವಾ ಸಡಿಲ ಜೋಡಣೆಯಲ್ಲಿ ಕಿಡಿ ಹಾರುತ್ತಿರಬೇಕು. ಎಎಂ ಕ್ರಮದಲ್ಲಿ (ಅಲೆಯ ಬಲದ ಏರಿಳಿತವನ್ನು ಕೇಳಿಸುವ ಕ್ರಮ) ಆಲಿಸಿದರೆ ಸೆಕೆಂಡಿಗೆ 100 ಬಾರಿಯ ಮಿಡಿತ ಗೊತ್ತಾಗುತ್ತದೆ. ಯಾಗಿಯನ್ನು ನಿಧಾನವಾಗಿ ತಿರುಗಿಸಿ, ಶಬ್ದ ಹೆಚ್ಚುವ ದಿಕ್ಕನ್ನು ಎರಡು ಕಡೆಯಿಂದ ಗುರುತಿಸಿ, ಕಂಬ ಯಾವುದೆಂದು ಲೈನ್‌ಮನ್‌ಗೆ ತೋರಿಸಿ. ದಯವಿಟ್ಟು ನೀವಾಗಿಯೇ ಕಂಬದ ತಂಟೆಗೆ ಹೋಗಬೇಡಿ.