ಅಪ್‌ಡೇಟ್: ಸೂಕ್ಷ್ಮ ಚರ್ಮಕ್ಕೆ ಇನ್ನೂ ದುಬಾರಿ ಸೀರಮ್ ಬೇಕಾ ಅಂತ ಕೇಳಿದ್ದೆನಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ಏನು ಹಚ್ಚಿದರೂ ಕೆನ್ನೆ ಉರಿಯುತ್ತದೆ, ಕೆಂಪಾಗುತ್ತದೆ, ಇನ್ನೂ ಜಾಸ್ತಿ ಬೆಲೆಯದ್ದು ತಗೊಳ್ಳಲಾ ಅಂತ. ಸುಮ್ನೆ ದುಡ್ಡು ಸುರಿಯಬೇಡಿ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ ಅಂದಿರಿ. ತೋರಿಸಿದೆ.

ಡಾಕ್ಟರು ನನ್ನ ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಎಲ್ಲಕ್ಕಿಂತ ದುಬಾರಿ ಸೀರಮ್‌ನಲ್ಲೇ ಸುಗಂಧ ಇತ್ತು, ಸೂಕ್ಷ್ಮ ಚರ್ಮ ಉರಿಯಲು ಅದು ಕಾರಣ ಆಗಬಹುದು. ಲಿಮೊನೀನ್, ಲಿನಲೂಲ್ ಕೂಡ. ಕಿತ್ತಳೆ ಸಿಪ್ಪೆ, ಲ್ಯಾವೆಂಡರ್ ಎಣ್ಣೆಯಲ್ಲಿ ಇರುವಂಥವು ಇವು. ಗಿಡದಿಂದ ಬಂದದ್ದು ಚರ್ಮಕ್ಕೆ ಒಗ್ಗಿಯೇ ಒಗ್ಗುತ್ತದೆ ಅಂತ ನಂಬಿದ್ದೆ. ಹಾಗೇನಿಲ್ಲ. ಇನ್ನೊಂದು ವಿಷಯ, 'ಅನ್‌ಸೆಂಟೆಡ್' ಬೇರೆ, 'ಫ್ರಾಗ್ರೆನ್ಸ್ ಫ್ರೀ' ಬೇರೆ. ಮೊದಲನೆಯದರಲ್ಲಿ ಬೇರೆ ವಾಸನೆ ಮುಚ್ಚಲು ಹಾಕಿದ ಸುಗಂಧ ಇರಬಹುದು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಈಗ ಮೂರೇ ಬಳಸುತ್ತೇನೆ. ಸೋಪಿಲ್ಲದ ಕ್ಲೆನ್ಸರ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇರುವ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್. ಸ್ವಲ್ಪ ಜಾಸ್ತಿ ಕೊಟ್ಟದ್ದು ಸನ್‌ಸ್ಕ್ರೀನ್‌ಗೆ ಮಾತ್ರ. ಅಗ್ಗದವು ಮುಖದ ಮೇಲೆ ಬೆಳ್ಳಗೆ ಮೆತ್ತಿಕೊಳ್ಳುತ್ತಿದ್ದವು, ಹಚ್ಚದೇ ಬಿಡುತ್ತಿದ್ದೆ. ಇದನ್ನು ದಿನಾ ಹಚ್ಚುತ್ತೇನೆ, ಹಾಗಾಗಿ ಆ ದುಡ್ಡಿಗೆ ಬೇಜಾರಿಲ್ಲ.

ಹೊಸದೇನು ತಂದರೂ ಮೊದಲು ಮೊಣಕೈ ಒಳಮಡಿಕೆಗೆ ದಿನಕ್ಕೆ ಎರಡು ಸಲ, 7ರಿಂದ 10 ದಿನ. ಆಮೇಲೆ ಮುಖಕ್ಕೆ.

ಉರಿ ನಿಂತಿದೆ. ಮೂಗಿನ ಪಕ್ಕ ಇನ್ನೂ ಸ್ವಲ್ಪ ಕೆಂಪಿದೆ, ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಉಳಿದ ಸೀರಮ್ ತಂಗಿ ಕೇಳಿದಳು. ಕೊಡಲಿಲ್ಲ, ಅವಳದ್ದೂ ನನ್ನಂಥದ್ದೇ ಚರ್ಮ.